ಮಕ್ಕಳು ಮಲಗಿದ ಮೇಲೆ ಶುರುವಾಗುವ ಕಾರ್ಟೂನು

ಮೂವತ್ತು ದಾಟಿದ ಗೆಳೆಯನೊಬ್ಬನಿಗೆ ‘ಅನಿಮೇಷನ್ ಸಿನಿಮಾ ನೋಡೋಣ, ಬಾರೋ’ ಅಂತ ಫೋನ್ ಮಾಡಿ ನೋಡಿ. ‘ಏನೋ, ನಂಗಿನ್ನೂ ಮದುವೇನೇ ಆಗಿಲ್ಲ, ಮಕ್ಕಳ ಸಿನಿಮಾಗೆ ಕರೀತೀಯಲ್ಲ’ ಅಂತಾನೆ. ತಪ್ಪು ಅವನದ್ದಲ್ಲ. ನಮ್ಮಲ್ಲಿ ಅನಿಮೇಷನ್ ಅಂದ್ರೆ ಕಾರ್ಟೂನ್, ಕಾರ್ಟೂನ್ ಅಂದ್ರೆ ಮಗುವಿಗೆ ಊಟ ಮಾಡಿಸುವಾಗ ಮೊಬೈಲಿನಲ್ಲಿ ಹಾಕಿಕೊಡುವ ವಸ್ತು.

2025ರ ಜುಲೈನಲ್ಲಿ ಈ ನಂಬಿಕೆ ಸ್ವಲ್ಪ ಅಲ್ಲಾಡಿತು. ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ್ ನರಸಿಂಹ’ ಬಂತು. ಕೆಜಿಎಫ್, ಕಾಂತಾರ ಮಾಡಿದ ಹೊಂಬಾಳೆ ಫಿಲಂಸ್ ಅದನ್ನು ಅರ್ಪಿಸಿತ್ತು. ಭಾರತದ ಅನಿಮೇಷನ್ ಚಿತ್ರಗಳಲ್ಲಿ ಅತಿ ಹೆಚ್ಚು ಗಳಿಸಿದ್ದು ಅದೇ. ನಮ್ಮೂರು ಹೊಳೆನರಸೀಪುರ, ಊರಿನ ಹೆಸರಲ್ಲೇ ನರಸಿಂಹ ಇದ್ದಾನೆ, ಹೇಮಾವತಿ ದಡದಲ್ಲಿ ಲಕ್ಷ್ಮೀನರಸಿಂಹನ ದೇವಸ್ಥಾನ ಇದೆ. ನಮ್ಮ ಬೀದಿಯ ಹಿರಿಯರು ಗುಂಪು ಕಟ್ಟಿಕೊಂಡು ಹಾಸನಕ್ಕೆ ಹೋಗಿ ಆ ಸಿನಿಮಾ ನೋಡಿ ಬಂದರು. ಅಲ್ಲಿಗೆ ಒಂದು ವಿಷಯ ಸಾಬೀತಾಯಿತು: ಬಿಡಿಸಿದ ಚಿತ್ರ ಓಡಾಡಿದರೂ ದೊಡ್ಡವರು ದುಡ್ಡು ಕೊಟ್ಟು ನೋಡುತ್ತಾರೆ.

ಆದರೆ ದೇವರ ಕಥೆಗೆ ಪ್ರೇಕ್ಷಕರು ಮೊದಲೇ ಸಿದ್ಧವಾಗಿರುತ್ತಾರೆ. ದೊಡ್ಡ ಬ್ಯಾನರ್ ಇಲ್ಲದೆ, ಇಬ್ಬರು ಮೂವರು ಕೂತು ದೊಡ್ಡವರಿಗಾಗಿಯೇ, ದೊಡ್ಡವರ ನೋವು, ಆಸೆ, ಭಯದ ಬಗ್ಗೆ ಮಾಡುವ ಅನಿಮೇಷನ್ ಚಿತ್ರದ ಗತಿ ಏನು? ನಾನೂ ಇದೇ ಕಸುಬಿನವನು. ಬೆಂಗಳೂರಿನಲ್ಲಿ ಫ್ರೀಲಾನ್ಸ್ ಅನಿಮೇಟರ್. ಹಾಗಾಗಿ ಈ ಪ್ರಶ್ನೆ ನನಗೆ ಹೊಟ್ಟೆಪಾಡಿನದೂ ಹೌದು.

ದೊಡ್ಡವರದ್ದು ಅಂದ್ರೆ ‘ಆ ಥರ’ದ್ದಾ?

‘ಅಡಲ್ಟ್ ಅನಿಮೇಷನ್’ ಅಂದ ಕೂಡಲೇ ಕೆಲವರು ಮುಸಿಮುಸಿ ನಗುತ್ತಾರೆ. ಆ ನಗುವಿಗೂ ಒಂದು ಇತಿಹಾಸ ಇದೆ. 1972ರಲ್ಲಿ ಅಮೆರಿಕದ ರಾಲ್ಫ್ ಬಕ್ಷಿ ‘ಫ್ರಿಟ್ಜ್ ದ ಕ್ಯಾಟ್’ ಅನ್ನುವ ಚಿತ್ರ ಮಾಡಿದ. ಅಲ್ಲಿನ ಸೆನ್ಸಾರ್ ಪದ್ಧತಿಯಲ್ಲಿ ‘ಎಕ್ಸ್’ ಗುರುತು ಹೊತ್ತ ಮೊದಲ ಅನಿಮೇಷನ್ ಚಿತ್ರ ಅದು. ಸೆಕ್ಸು, ಗಾಂಜಾ, ಪೊಲೀಸ್, ಜನಾಂಗದ ಜಗಳ ಎಲ್ಲ ಅದರಲ್ಲಿತ್ತು. ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಆದ ಆ ಚಿತ್ರ ಅದರ ಎಷ್ಟೋ ಪಟ್ಟು ಗಳಿಸಿತು.

ಜನ ನೆನಪಿಟ್ಟುಕೊಂಡದ್ದು ‘ಎಕ್ಸ್’ ಗುರುತನ್ನು. ಕಸುಬಿನವರು ಕಲಿತದ್ದು ಬೇರೆ. ಬಕ್ಷಿ ಬಳಿ ಡಿಸ್ನಿಯಷ್ಟು ದುಡ್ಡಿರಲಿಲ್ಲ. ಅದಕ್ಕೆ ಅವನ ತಂಡ ನ್ಯೂಯಾರ್ಕಿನ ಬೀದಿಗಳ ಫೋಟೋ ತೆಗೆದು, ಅವುಗಳ ಗೆರೆ ಎತ್ತಿಕೊಂಡು, ಮೇಲೆ ನೀರಿನ ಬಣ್ಣ ಹಚ್ಚಿ ಹಿನ್ನೆಲೆ ಮಾಡಿಕೊಂಡಿತು. ಕೆಲವು ಪಾತ್ರಗಳಿಗೆ ನಟರ ಬದಲು ಬೀದಿಯ ಜನರ ಮಾತನ್ನೇ ರೆಕಾರ್ಡ್ ಮಾಡಿ ಕೂಡಿಸಿತು. ದುಡ್ಡಿಲ್ಲದ್ದರಿಂದ ಹುಟ್ಟಿದ ಈ ಉಪಾಯದಿಂದಲೇ ಆ ಚಿತ್ರಕ್ಕೆ ನಿಜವಾದ ಊರಿನ ವಾಸನೆ ಬಂತು.

ಆಮೇಲೆ ಬಂದವರು ಈ ದಾರಿಯನ್ನು ಬಹಳ ದೂರ ಒಯ್ದರು. ಜಪಾನಿನ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988) ಯುದ್ಧದಲ್ಲಿ ಹಸಿವಿನಿಂದ ನವೆಯುವ ಅಣ್ಣ ತಂಗಿಯ ಕಥೆ. ‘ಪರ್ಸೆಪೊಲಿಸ್’ (2007) ಇರಾನಿನಲ್ಲಿ ಬೆಳೆದ ಮರ್ಜಾನ್ ಸತ್ರಪಿಯ ಸ್ವಂತ ಜೀವನ. ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಜ್ಯೂರಿ ಪ್ರಶಸ್ತಿ ಬಂತು. ‘ವಾಲ್ಟ್ಜ್ ವಿತ್ ಬಶೀರ್’ (2008) 1982ರ ಲೆಬನಾನ್ ಯುದ್ಧಕ್ಕೆ ಹೋಗಿದ್ದ ಸೈನಿಕನೊಬ್ಬ ತಾನು ಮರೆತದ್ದನ್ನು ಹುಡುಕುತ್ತಾ ಹೋಗುವ ಚಿತ್ರ. ನಿರ್ದೇಶಕ ಆರಿ ಫೋಲ್ಮನ್‌ನೇ ಆ ಸೈನಿಕ.

ಈ ಚಿತ್ರಗಳನ್ನು ಕ್ಯಾಮೆರಾ ಹಿಡಿದು ಯಾಕೆ ಮಾಡಲಿಲ್ಲ? ಮಾಡಬಹುದಿತ್ತು. ಆದರೆ ಅವು ತೋರಿಸಬೇಕಾದ್ದು ಯಾರ ಕ್ಯಾಮೆರಾದಲ್ಲೂ ಉಳಿಯದ ಸಂಗತಿ: ಒಬ್ಬರ ನೆನಪು, ಒಬ್ಬರ ಕನಸು, ಸುಟ್ಟುಹೋದ ಒಂದು ಮನೆ. ಅದನ್ನು ಕೈಯಲ್ಲಿ ಬಿಡಿಸಿಯೇ ತೋರಿಸಬೇಕು.

ಕಿಳ್ಳೇಕ್ಯಾತನ ಸೆನ್ಸಾರಿಲ್ಲದ ಷೋ

ಇದೆಲ್ಲ ಫಾರಿನ್ ಸಂಗತಿ ಅಂತ ನೀವು ಅಂದುಕೊಳ್ಳುವ ಮೊದಲು ನಮ್ಮ ಸೀಮೆಯ ತೊಗಲುಗೊಂಬೆಯನ್ನು ನೆನಪಿಸಿಕೊಳ್ಳಿ. ಹದ ಮಾಡಿದ ತೊಗಲಿನ ಮೇಲೆ ಚಿತ್ರ ಬಿಡಿಸಿ, ಬಣ್ಣ ಹಚ್ಚಿ, ಸಣ್ಣ ಸಣ್ಣ ತೂತು ಕೊರೆದು, ಬಿಳಿ ಪರದೆಯ ಹಿಂದೆ ಹಿಡಿದು ದೀಪ ಹಚ್ಚಿದರೆ ಮುಂದಿನವರಿಗೆ ಬಣ್ಣದ ನೆರಳು ಕುಣಿಯುತ್ತದೆ. ಹಿಂದೆ ಹರಳೆಣ್ಣೆ ದೀಪ, ಆಮೇಲೆ ವಿದ್ಯುತ್ ಬಲ್ಬು. ಚಿತ್ರ, ಬೆಳಕು, ಚಲನೆ, ಧ್ವನಿ. ಅನಿಮೇಷನ್ನಿಗೆ ಬೇಕಾದ್ದು ಇನ್ನೇನು?

ಆಟ ರಾತ್ರಿಯಿಡೀ ನಡೆಯುತ್ತಿತ್ತು. ಮಳೆ ಬರಲಿ ಅಂತ, ದನಕರುಗಳಿಗೆ ಬಂದ ರೋಗ ಹೋಗಲಿ ಅಂತಲೂ ಊರಿನವರು ಆಡಿಸುತ್ತಿದ್ದರು. ಕಥೆ ರಾಮಾಯಣ, ಮಹಾಭಾರತದ್ದು. ಆದರೆ ನಡುನಡುವೆ ಕಪ್ಪು ಮೈಯ, ಡೊಳ್ಳು ಹೊಟ್ಟೆಯ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಬಂದು ಆಡುತ್ತಿದ್ದ ಮಾತಿದೆಯಲ್ಲ, ಅದು ಮಕ್ಕಳಿಗೆ ಹೇಳಿಕೊಡುವ ಮಾತಲ್ಲ. ಗಂಡ ಹೆಂಡಿರ ಜಗಳ, ಪೋಲಿ ಮಾತು, ಊರ ದೊಡ್ಡವರ ಮೇಲಿನ ಚುಚ್ಚು ಎಲ್ಲಾ ಅಲ್ಲೇ.

ನನ್ನ ಅಜ್ಜಿಯನ್ನು ಒಮ್ಮೆ ಕೇಳಿದ್ದೆ. ‘ಅಜ್ಜಿ, ನೀನು ಕಿಳ್ಳೇಕ್ಯಾತನ ಆಟ ನೋಡಿದ್ಯಾ?’

‘ನೋಡ್ದೆ ಏನ್ ಕಣಪ್ಪ. ಹಟ್ಟಿ ಮುಂದೇನೇ ಪರದೆ ಕಟ್ಟೋರು. ಮಕ್ಳೆಲ್ಲ ಮಲೀಕ್ಕೊಂಡ್ ಮ್ಯಾಲೇ ಅವನ ನಿಜವಾದ ಆಟ ಶುರುವಾಗ್ತಿದ್ದುದ್ದು’ ಅಂತ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಅಡಲ್ಟ್ ಅನಿಮೇಷನ್ನಿಗೆ ಇದಕ್ಕಿಂತ ಒಳ್ಳೇ ವಿವರಣೆಯನ್ನು ನಾನು ಯಾವ ಕೋರ್ಸಿನಲ್ಲೂ ಕೇಳಿಲ್ಲ. ಮನೆಮಂದಿಯೆಲ್ಲ ಒಂದೇ ಪರದೆ ಮುಂದೆ ಕೂತಿರುತ್ತಾರೆ. ರಾಮನ ಕಥೆ ಎಲ್ಲರಿಗೂ. ಸರಿರಾತ್ರಿಯ ನಗು ಮಾತ್ರ ದೊಡ್ಡವರಿಗೆ.

ಸಿನಿಮಾ, ಟಿವಿ ಬಂದ ಮೇಲೆ ಆ ಪರದೆಯ ಮುಂದಿನ ಜನ ಕರಗಿದರು. ಗೊಂಬೆ ಆಡಿಸುವ ಮನೆತನಗಳ ಎಷ್ಟೋ ಮಕ್ಕಳು ಬೇರೆ ಕೂಲಿ ಹಿಡಿದರು. ಆದರೂ ಆಟ ಪೂರ್ತಿ ನಿಂತಿಲ್ಲ. ಹಾಸನದಲ್ಲಿ ಗುಂಡುರಾಜು ಅವರು ಇದನ್ನು ಮುಂದುವರಿಸಿಕೊಂಡು ಬಂದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣ ತೊಗಲುಗೊಂಬೆಯಲ್ಲೇ ಗಾಂಧಿಯ ಬದುಕನ್ನು ‘ಬಾಪು’ ಅಂತ ಆಡಿಸಿ, ಈ ಕಲೆಗೆ ಹೊಸ ಕಥೆಯೂ ಒಗ್ಗುತ್ತದೆ ಅಂತ ತೋರಿಸಿದರು. 2025ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96.

ನೆರಳಿನ ಗೊಂಬೆಗೂ ಸಿನಿಮಾಕ್ಕೂ ಇರುವ ನಂಟು ನಾನು ಬಲವಂತಕ್ಕೆ ಹೇಳುತ್ತಿರುವುದಲ್ಲ. ಇವತ್ತು ಉಳಿದಿರುವ ಅತಿ ಹಳೆಯ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ಡಿಸ್ನಿಯದ್ದಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು 1926ರಲ್ಲಿ ಮುಗಿಸಿದ ‘ದ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’ ಅದು. ಕತ್ತರಿಯಲ್ಲಿ ಕತ್ತರಿಸಿದ ಗೊಂಬೆಗಳನ್ನು ಬೆಳಕಿನ ಮೇಜಿನ ಮೇಲಿಟ್ಟು, ಕೂದಲೆಳೆಯಷ್ಟು ಸರಿಸಿ ಒಂದೊಂದೇ ಫ್ರೇಮ್ ತೆಗೆದಿದ್ದರು. ಮೂರು ವರ್ಷ ಹಿಡಿಯಿತು.

ಸೆಕೆಂಡಿಗೆ ಹನ್ನೆರಡು ಚಿತ್ರ

ಮೂರು ವರ್ಷ ಯಾಕೆ ಅಂದ್ರೆ ಲೆಕ್ಕ ಹೀಗಿದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ನಿಮಿಷಕ್ಕೆ 720. ಎಂಬತ್ತು ನಿಮಿಷದ ಚಿತ್ರಕ್ಕೆ 57,600. ಒಬ್ಬರು ದಿನಕ್ಕೆ ಇಪ್ಪತ್ತು ಬಿಡಿಸಿದರೆ 2,880 ದಿನ. ಅಂದರೆ ಭಾನುವಾರವೂ ರಜೆ ಇಲ್ಲದೆ ಹೆಚ್ಚುಕಡಿಮೆ ಎಂಟು ವರ್ಷ. ಬಾಡಿಗೆ, ಇಎಂಐ, ಅಮ್ಮನ ಬಿಪಿ ಮಾತ್ರೆ ಈ ಎಂಟು ವರ್ಷ ಕಾಯುವುದಿಲ್ಲ.

ಆದರೂ ಕೆಲವರು ಮಾಡಿದ್ದಾರೆ.

ಗೀತಾಂಜಲಿ ರಾವ್ ನಿಮಗೆ ‘ಅಕ್ಟೋಬರ್’ ಹಿಂದಿ ಚಿತ್ರದಲ್ಲಿ ಕೋಮಾದಲ್ಲಿರುವ ಹುಡುಗಿಯ ಅಮ್ಮನಾಗಿ ಗೊತ್ತಿರಬಹುದು. ಅವರ ಮೂಲ ಕಸುಬು ಅನಿಮೇಷನ್. ‘ಪ್ರಿಂಟೆಡ್ ರೇನ್‌ಬೋ’ (2006) ಹದಿನೈದು ನಿಮಿಷದ ಚಿತ್ರ. ಮುಂಬೈಯ ಫ್ಲಾಟಿನಲ್ಲಿ ಒಂಟಿ ಮುದುಕಿ, ಜೊತೆಗೊಂದು ಬೆಕ್ಕು. ಬೆಂಕಿಪೊಟ್ಟಣದ ಮೇಲಿನ ಚಿತ್ರಗಳ ಒಳಗೆ ಹೊಕ್ಕು ಆಕೆ ಊರೂರು ಸುತ್ತುತ್ತಾಳೆ. ಕಾನ್‌ನ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಅದಕ್ಕೆ ಮೂರು ಪ್ರಶಸ್ತಿ. 2014ರಲ್ಲಿ ಮುಂಬೈ ಬೀದಿಯ ಪ್ರೀತಿಯ ಬಗ್ಗೆ ‘ಟ್ರೂ ಲವ್ ಸ್ಟೋರಿ’ ಅನ್ನುವ ಕಿರುಚಿತ್ರ ಮಾಡಿದರು. ಅದೇ ಬೆಳೆದು ‘ಬಾಂಬೆ ರೋಸ್’ ಆಯಿತು: ಬಾಲ್ಯವಿವಾಹದಿಂದ ತಪ್ಪಿಸಿಕೊಂಡು ಬಂದು ಹೂ ಮಾರುವ ಕಮಲಾ, ಕಾಶ್ಮೀರದಿಂದ ಬಂದ ಅನಾಥ ಹುಡುಗ ಸಲೀಂ. ಫ್ರೇಮಿಗೆ ಫ್ರೇಮು ಬಣ್ಣ ಹಚ್ಚಿದ ಚಿತ್ರ. 2019ರಲ್ಲಿ ವೆನಿಸ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್ ಇದರಿಂದಲೇ ಶುರುವಾಯಿತು. 2021ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ‘ಪ್ರಿಂಟೆಡ್ ರೇನ್‌ಬೋ’ದಿಂದ ಮೊದಲ ಪೂರ್ಣ ಚಿತ್ರಕ್ಕೆ ಹದಿಮೂರು ವರ್ಷ!

ಇನ್ನೊಬ್ಬರು ಅಮೆರಿಕದ ನೀನಾ ಪೇಲಿ. ಗಂಡನ ಕೆಲಸಕ್ಕಾಗಿ ತಿರುವನಂತಪುರಕ್ಕೆ ಬಂದವರು ಅಲ್ಲಿ ರಾಮಾಯಣ ಓದಿದರು. ಆಮೇಲೆ ಗಂಡ ಇಮೇಲಿನಲ್ಲೇ ಸಂಬಂಧ ಮುಗಿಸಿದ. ನ್ಯೂಯಾರ್ಕಿನಲ್ಲಿ ಮನೆಯ ಕಂಪ್ಯೂಟರಿನಲ್ಲಿ ಒಬ್ಬರೇ ಕೂತು, ಸೀತೆಯ ಕಥೆಯನ್ನೂ ತಮ್ಮ ಕಥೆಯನ್ನೂ ಹೆಣೆದು ‘ಸೀತಾ ಸಿಂಗ್ಸ್ ದ ಬ್ಲೂಸ್’ (2008) ಮಾಡಿದರು. ಅದರಲ್ಲಿ ಕಥೆ ಹೇಳುವವರು ಮೂರು ನೆರಳುಗೊಂಬೆಗಳು. ಮೂವರು ಭಾರತೀಯರು ಸ್ಕ್ರಿಪ್ಟ್ ಇಲ್ಲದೆ, ‘ಅಲ್ಲ ಅಲ್ಲ, ಅದು ಹಾಗಲ್ಲ’ ಅಂತ ಒಬ್ಬರ ಮಾತು ಒಬ್ಬರು ಕತ್ತರಿಸುತ್ತಾ ರಾಮಾಯಣ ನೆನಪಿಸಿಕೊಳ್ಳುತ್ತಾರೆ. ನಮ್ಮ ಕಿಳ್ಳೇಕ್ಯಾತ, ಬಂಗಾರಕ್ಕನಿಗೆ ಇವರು ದೂರದ ನೆಂಟರು ಅಂತ ನನಗನ್ನಿಸುತ್ತದೆ. ಚಿತ್ರದಲ್ಲಿದ್ದ 1920ರ ದಶಕದ ಹಾಡುಗಳ ಹಕ್ಕಿಗಾಗಿ ಐವತ್ತು ಸಾವಿರ ಡಾಲರ್ ಸಾಲ ಮಾಡಬೇಕಾಯಿತು. ಕೊನೆಗೆ ಚಿತ್ರವನ್ನೇ ಎಲ್ಲರಿಗೂ ಉಚಿತವಾಗಿ ಬಿಟ್ಟುಬಿಟ್ಟರು. ಕೆಲವು ಹಿಂದೂ ಸಂಘಟನೆಗಳಿಂದ ವಿರೋಧವೂ ಬಂತು. ನೋಡಿ ನೀವೇ ತೀರ್ಮಾನಿಸಿ.

ಮೂರನೆಯವರು ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್. ‘ಅವೇ’ (2019) ಅನ್ನುವ 75 ನಿಮಿಷದ ಚಿತ್ರವನ್ನು ಸಂಗೀತವೂ ಸೇರಿದಂತೆ ಒಬ್ಬರೇ ಮಾಡಿದರು. ಮುಂದಿನ ಚಿತ್ರ ‘ಫ್ಲೋ’ (2024)ಗೆ ಸಣ್ಣ ತಂಡ ಕಟ್ಟಿ, ಬ್ಲೆಂಡರ್ ಸಾಫ್ಟ್‌ವೇರ್ ಬಳಸಿದರು. ಒಂದೂ ಮಾತಿಲ್ಲ, ಪ್ರವಾಹದಲ್ಲಿ ಸಿಕ್ಕ ಒಂದು ಬೆಕ್ಕು, ಕೆಲವು ಪ್ರಾಣಿಗಳು, ಒಂದು ದೋಣಿ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಅದಕ್ಕೇ ಹೋಯಿತು. ಬ್ಲೆಂಡರ್ ಉಚಿತ. ಈ ಲೇಖನ ಓದಿ ಮುಗಿಸುವ ಹೊತ್ತಿಗೆ ನಿಮ್ಮ ಲ್ಯಾಪ್‌ಟಾಪಿಗೂ ಅದನ್ನು ಇಳಿಸಿಕೊಳ್ಳಬಹುದು.

ಕೈ ನಮ್ಮದು, ಕಥೆ ಬೇರೆಯವರದ್ದು

ಹಾಗಾದ್ರೆ ಕರ್ನಾಟಕದಲ್ಲಿ ಕಲಾವಿದರ ಕೊರತೆಯಾ? ಖಂಡಿತ ಇಲ್ಲ. ‘ದ ಜಂಗಲ್ ಬುಕ್’ (2016) ಥರದ ಹಾಲಿವುಡ್ ಚಿತ್ರಗಳ ಪ್ರಾಣಿಗಳ ಮೇಲೆ ಬೆಂಗಳೂರಿನ ನೂರಾರು ಹುಡುಗ ಹುಡುಗಿಯರ ಕೈ ಓಡಾಡಿದೆ. ಹಾಸನ, ಚನ್ನರಾಯಪಟ್ಟಣ, ಅರಕಲಗೂಡಿನ ಕಡೆಯಿಂದ ಬಂದವರೂ ಅವರಲ್ಲಿದ್ದಾರೆ, ನನಗೇ ಗೊತ್ತಿದ್ದಾರೆ. ಆದರೆ ಈ ಕೆಲಸವೆಲ್ಲ ಗುತ್ತಿಗೆಯದ್ದು. ಶಾಟ್ ಬರುತ್ತದೆ, ಡೆಡ್‌ಲೈನ್ ಬರುತ್ತದೆ, ಮುಗಿಸಿ ಕಳಿಸುತ್ತೇವೆ. ಹುಲಿಯ ಮೈಮೇಲಿನ ಕೂದಲು ಗಾಳಿಗೆ ಹೇಗೆ ಮಲಗಬೇಕು ಅನ್ನುವುದು ಗೊತ್ತು. ಆ ಹುಲಿ ಯಾಕೆ ಅಲ್ಲಿ ನಿಂತಿದೆ ಅನ್ನುವುದು ಬೇರೆ ಯಾರೋ ಬರೆದದ್ದು.

ಗುತ್ತಿಗೆ ಕೆಲಸದ ನೆಲ ಎಷ್ಟು ಟೊಳ್ಳು ಅಂತ 2025ರ ಫೆಬ್ರುವರಿಯಲ್ಲಿ ಇಡೀ ಉದ್ಯಮ ನೋಡಿತು. ಟೆಕ್ನಿಕಲರ್ ಸಂಸ್ಥೆ ಜಗತ್ತಿನಾದ್ಯಂತ ಕುಸಿದಾಗ ಅದರ ಭಾರತದ ಸ್ಟುಡಿಯೋಗಳೂ ಮುಚ್ಚಿದವು. ಬೆಂಗಳೂರು, ಮುಂಬೈಗಳಲ್ಲಿ ಸಾವಿರಾರು ಜನರ ಕೆಲಸ ಕೆಲವೇ ದಿನಗಳಲ್ಲಿ ಹೋಯಿತು. ಈಗ ಅದರ ಮೇಲೆ ಎಐ ಭಯ ಬೇರೆ.

ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2012ರಲ್ಲಿ ಮೊದಲನೆಯದು, ಈಗ 2024–29ರ ನೀತಿ ಇದೆ. ಉದ್ಯೋಗ, ತರಬೇತಿ, ರಫ್ತು ಎಲ್ಲವೂ ಬೇಕಾದ್ದೇ. ಆದರೆ ಮೂರು ಜನ ಕೂತು ಎರಡು ವರ್ಷ ಒಂದು ಕನ್ನಡದ ಚಿತ್ರ ಬಿಡಿಸಬೇಕು ಅಂದರೆ, ಆ ಎರಡು ವರ್ಷ ಅವರು ಏನು ತಿನ್ನಬೇಕು ಅನ್ನುವ ಪ್ರಶ್ನೆ ಉದ್ಯಮದ ಭಾಷೆಯೊಳಗೆ ಸುಲಭಕ್ಕೆ ಕೂರುವುದಿಲ್ಲ. ಚಿತ್ರಕ್ಕೆ ‘ಎ’ ಸರ್ಟಿಫಿಕೇಟ್ ಬಂದರೆ ಟಿವಿಯ ಬಾಗಿಲೂ ಮುಚ್ಚುತ್ತದೆ. ಟಿವಿ ಹಕ್ಕಿನ ದುಡ್ಡು ನಂಬಿದ ನಿರ್ಮಾಪಕ ಹತ್ತಿರ ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲೇ ಕಾದಿರುವ ಕಥೆಗಳು

ಕಥೆಗೆ ಬರ ಇದ್ದಿದ್ದರೆ ಸುಮ್ಮನಿರಬಹುದಿತ್ತು. ಹಾಸನ ಜಿಲ್ಲೆಯನ್ನೇ ನೋಡಿ.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದ ಕಾಡಿನಲ್ಲಿ ಅರ್ಜುನ ಸತ್ತ. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಆನೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆಗಿನ ಕಾಳಗದಲ್ಲೇ ಜೀವ ಬಿಟ್ಟ. ಕಾಡಿನಿಂದ ಹಿಡಿದು ತಂದು ಪಳಗಿಸಿದ ಆನೆ, ತನ್ನದೇ ಕುಲದ ಇನ್ನೊಂದನ್ನು ಹಿಡಿಯಲು ಹೋಗಿ ಸಾಯುವುದು. ಅವನ ಕಣ್ಣಿನಿಂದ ಆ ದಿನವನ್ನು ಯಾವ ಕ್ಯಾಮೆರಾ ತೋರಿಸೀತು? ಅತ್ತ ಆಲೂರು, ಸಕಲೇಶಪುರದ ಕಾಫಿ ತೋಟದ ಕೂಲಿಯ ಹೆಂಗಸು ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಡುವಾಗಿನ ಭಯ, ಅದೂ ಅದೇ ಕಥೆಯ ಇನ್ನೊಂದು ಮಗ್ಗಲು.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಸುತ್ತ ಒಮ್ಮೆ ನಿಧಾನಕ್ಕೆ ನಡೆಯಿರಿ. ಸಾಲು ಆನೆ, ಸಾಲು ಕುದುರೆ, ಮೇಲೆ ರಾಮಾಯಣ, ಮಹಾಭಾರತದ ಪಟ್ಟಿ. ಯುದ್ಧ, ಪ್ರೀತಿ, ಸಾವು ಎಲ್ಲ ಒಂದರ ಪಕ್ಕ ಒಂದು. ನಾವು ಸ್ಟೋರಿಬೋರ್ಡ್ ಅಂತ ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಇಲ್ಲಿ ಚಿತ್ರ ನಿಂತಿದೆ, ನಡೆಯುವವರು ನಾವು.

ಇನ್ನು ಗೊರೂರಿನ ಹೇಮಾವತಿ ಅಣೆಕಟ್ಟೆ. 1979ರಲ್ಲಿ ಮುಗಿದ ಆ ಕಟ್ಟೆಯ ಹಿನ್ನೀರಿನಲ್ಲಿ ಹಳ್ಳಿಗಳು ಹೋದವು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಚರ್ಚಿನ ಮುಂದೆ ಪ್ರೀವೆಡ್ಡಿಂಗ್ ಶೂಟ್ ಮಾಡುವವರು ಬರುತ್ತಾರೆ. ಆ ಕಟ್ಟಡವಾದರೂ ಫೋಟೋದಲ್ಲಿ ಉಳಿಯಿತು. ಉಳಿಯದೆ ಹೋದ ಮನೆ, ಜಗಲಿ, ಕಣ, ಅರಳಿಕಟ್ಟೆಗಳದ್ದು?

ನನ್ನ ಅಜ್ಜಿಯ ತವರು ಆ ನೀರಿನ ಕೆಳಗಿದೆ. ಆ ಊರಿನ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಇರುವುದು ಅಜ್ಜಿಯ ಮಾತು ಮಾತ್ರ. ‘ಬಾವಿ ಎಡಕ್ಕೆ, ಅದ್ರ ಪಕ್ಕ ಹುಣಸೆಮರ, ಮರದಡೀಲಿ ನಿಂಗಮ್ಮನ ಗುಡಿ’ ಅಂತಾಳೆ. ಮುಂದಿನ ಸಲ ಕೇಳಿದರೆ ಬಾವಿ ಬಲಕ್ಕೆ ಬಂದಿರುತ್ತದೆ. ಈ ಬಾವಿಯನ್ನು ಶೂಟ್ ಮಾಡಲು ಎಲ್ಲಿಗೆ ಹೋಗಲಿ? ಒಂದು ಸಲ ಎಡಕ್ಕೂ ಒಂದು ಸಲ ಬಲಕ್ಕೂ ಅದನ್ನು ಬಿಡಿಸಬಲ್ಲದ್ದು ಅನಿಮೇಷನ್ ಒಂದೇ.

ಅದಕ್ಕೇ ಇಬ್ಬರು ಗೆಳೆಯರ ಜೊತೆ ಒಂಬತ್ತು ನಿಮಿಷದ ಚಿತ್ರವೊಂದನ್ನು ಹಿಡಿದಿದ್ದೇನೆ. ಅಜ್ಜಿಯ ದನಿಯನ್ನು ಫೋನಿನಲ್ಲೇ ರೆಕಾರ್ಡ್ ಮಾಡಿದೆವು. ಹಿಂದೆ ಕುಕ್ಕರ್ ಕೂಗಿದ್ದನ್ನೂ ಉಳಿಸಿಕೊಂಡಿದ್ದೇವೆ. ಪೂರ್ತಿ ಕೈಯಲ್ಲಿ ಬಿಡಿಸಿದರೆ 6,480 ಚಿತ್ರ ಆಗುತ್ತಿತ್ತು. ಅದರ ಬದಲು ತೊಗಲುಗೊಂಬೆಯ ಲೆಕ್ಕ ಹಿಡಿದೆವು: ತಲೆ, ತೋಳು, ಮೊಣಕೈ, ಕಾಲು ಬೇರೆ ಬೇರೆ ಬಿಡಿಸಿ, ಕೀಲು ಕೊಟ್ಟು, ಕಂಪ್ಯೂಟರಿನಲ್ಲಿ ಆಡಿಸುವುದು. ಒಮ್ಮೆ ಗೊಂಬೆ ಸಿದ್ಧವಾದರೆ ಪ್ರತಿ ಫ್ರೇಮಿಗೂ ಹೊಸ ಚಿತ್ರ ಬೇಡ. ಶನಿವಾರ, ಭಾನುವಾರ ಮಾತ್ರ ಕೆಲಸ. ಹದಿನಾಲ್ಕು ತಿಂಗಳಲ್ಲಿ ನಾಲ್ಕು ನಿಮಿಷ ಆಗಿದೆ. ಅಜ್ಜಿಗೆ ಎಂಬತ್ತೇಳು. ನಮ್ಮ ಡೆಡ್‌ಲೈನ್ ಯಾವುದು ಅಂತ ಮೂವರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ನೀವು ಮಾಡಬಹುದಾದ್ದು

ನೋಡುವವರಿದ್ದರೆ ಮಾಡುವವರು ಉಳಿಯುತ್ತಾರೆ. ಈ ವಾರಾಂತ್ಯಕ್ಕೆ ಹೀಗೆ ಶುರು ಮಾಡಿ.

ಮೊದಲು ‘ಫ್ಲೋ’. ಮಾತೇ ಇಲ್ಲದ್ದರಿಂದ ಅಪ್ಪ ಅಮ್ಮನ ಜೊತೆಗೂ ಕೂತು ನೋಡಬಹುದು. ಸಬ್‌ಟೈಟಲ್ ಜಗಳ ಇಲ್ಲ.

ಎರಡನೆಯದು ‘ಬಾಂಬೆ ರೋಸ್’. ಕಥೆ ನಿಧಾನ, ಆತುರಪಡಬೇಡಿ. ಊರು ಬಿಟ್ಟು ದೊಡ್ಡ ನಗರಕ್ಕೆ ಬಂದವರಿಗೆ ಅದು ತಾನಾಗೇ ತಟ್ಟುತ್ತದೆ.

ಮೂರನೆಯದು ‘ಸೀತಾ ಸಿಂಗ್ಸ್ ದ ಬ್ಲೂಸ್’. ಕಾನೂನುಬದ್ಧವಾಗಿಯೇ ಪುಕ್ಕಟೆ ಸಿಗುತ್ತದೆ. ಮಕ್ಕಳು ಮಲಗಿದ ಮೇಲೆ ‘ಪರ್ಸೆಪೊಲಿಸ್’.

ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಇಶಾನ್ ಶುಕ್ಲಾ ಅವರ ‘ಶಿರ್ಕೋವಾ: ಇನ್ ಲೈಸ್ ವಿ ಟ್ರಸ್ಟ್’ ಹುಡುಕಿ. ಜನರೆಲ್ಲ ತಲೆಗೆ ಕಾಗದದ ಚೀಲ ಹಾಕಿಕೊಂಡು ಬದುಕುವ ಊರಿನ ಕಥೆ. 2024ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ವಿಡಿಯೋ ಗೇಮ್ ಮಾಡುವ ಸಾಫ್ಟ್‌ವೇರಿನಲ್ಲಿ ಭಾರತೀಯ ನಿರ್ದೇಶಕನೊಬ್ಬ ಮಾಡಿದ, ಪಕ್ಕಾ ದೊಡ್ಡವರ ಚಿತ್ರ.

ಬೆಂಗಳೂರಿನಲ್ಲಿರುವವರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕುಮಾರಕೃಪ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ. ಎಂ.ಎಸ್. ನಂಜುಂಡರಾವ್ ಅವರು ಊರೂರು ಅಲೆದು ಸಂಗ್ರಹಿಸಿದ ತೊಗಲುಗೊಂಬೆಗಳು ಅಲ್ಲಿವೆ. ಬಣ್ಣ ನೋಡಿ, ತೂತು ನೋಡಿ, ಕೀಲು ಎಲ್ಲೆಲ್ಲಿ ಕೊಟ್ಟಿದ್ದಾರೆ ನೋಡಿ. ನಿಮ್ಮೂರ ಜಾತ್ರೆಯಲ್ಲಿ ಯಾರಾದರೂ ಪರದೆ ಕಟ್ಟಿದ್ದರೆ ಹತ್ತು ನಿಮಿಷಕ್ಕೆ ಎದ್ದು ಬರಬೇಡಿ. ಕಿಳ್ಳೇಕ್ಯಾತ ಬರೋದು ತಡವಾಗಿ.